ಮಗು ನಿರ್ಜೀವವಾಗಿ ಹುಟ್ಟಿದಾಗ: ನೋಂದಣಿ, ರಜೆ ಮತ್ತು ಆಮೇಲಿನ ಆಸರೆ

‘ಹೆರಿಗೆಯಲ್ಲಿ ಮಗು ಉಳಿಯಲಿಲ್ಲ. ಡೆತ್ ಸರ್ಟಿಫಿಕೇಟ್ ಮಾಡಿಸಬೇಕಾ? ಯಾವ ಆಫೀಸಿಗೆ ಹೋಗಬೇಕು?’ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರು ಹೆಚ್ಚಾಗಿ ಬಾಣಂತಿಯ ಅಣ್ಣ, ಮೈದುನ ಅಥವಾ ಚಿಕ್ಕಪ್ಪ. ಅಂದರೆ ಆ ಹೊತ್ತಿನಲ್ಲಿ ಓಡಾಡುವಷ್ಟು ಶಕ್ತಿ ಉಳಿದಿರುವವರು. ಹಾಗಾಗಿ ಇದನ್ನು ಅಪ್ಪ ಅಮ್ಮನಿಗೂ, ಅವರ ಪರವಾಗಿ ಓಡಾಡುವವರಿಗೂ ಸೇರಿಸಿಯೇ ಬರೆದಿದ್ದೇನೆ. ಕಚೇರಿಗಳ ವಿಚಾರ ಬಂದಾಗ ಕರ್ನಾಟಕ ನನ್ನ ಮನಸ್ಸಿನಲ್ಲಿದೆ, ಕಾಯ್ದೆ ಮಾತ್ರ ಇಡೀ ದೇಶಕ್ಕೆ ಒಂದೇ.

ಚುಟುಕಾಗಿ ಹೇಳುವುದಾದರೆ, ಹುಟ್ಟುವಾಗಲೇ ಜೀವವಿಲ್ಲದ ಮಗುವಿಗೆ ಮರಣ ಪ್ರಮಾಣಪತ್ರ ಇರುವುದಿಲ್ಲ. ಆದರೆ ನೋಂದಣಿ ಕಡ್ಡಾಯ. 1969ರ ಜನನ ಮರಣ ನೋಂದಣಿ ಕಾಯ್ದೆ ಇದನ್ನು ‘ನಿರ್ಜೀವ ಜನನ’ ಎಂದು ಜನನದ ಲೆಕ್ಕದಲ್ಲೇ ಸೇರಿಸುತ್ತದೆ. ಹೆರಿಗೆ ಆಸ್ಪತ್ರೆಯಲ್ಲಿ ಆಗಿದ್ದರೆ ವರದಿ ಕಳಿಸುವ ಹೊಣೆ ಆಸ್ಪತ್ರೆಯದು. ಆದರೂ ಅಲ್ಲಿ ಏನು ಬರೆದರು ಎಂಬುದನ್ನು ನೀವೇ ನೋಡಿಕೊಳ್ಳಬೇಕು. ಮುಂದೆ ಹೆರಿಗೆ ರಜೆಗೆ ಅರ್ಜಿ ಹಾಕುವಾಗ, ವಿಮೆ ಕೇಳುವಾಗ, ಇನ್ನೊಮ್ಮೆ ಗರ್ಭ ನಿಂತಾಗ ಎಲ್ಲರೂ ನೋಡುವುದು ಅದೇ ಕಾಗದವನ್ನು.

1. ಎರಡು ಸಂಗತಿಗಳನ್ನು ಮೊದಲೇ ಖಚಿತಪಡಿಸಿಕೊಳ್ಳಿ

ಡಾಕ್ಟರನ್ನು ನೇರವಾಗಿ ಕೇಳಿ: ಹುಟ್ಟಿದ ಕ್ಷಣದಲ್ಲಿ ಮಗುವಿಗೆ ಜೀವ ಇತ್ತೇ? ಗರ್ಭಕ್ಕೆ ಎಷ್ಟು ವಾರ ತುಂಬಿತ್ತು?

ಮಗು ಒಮ್ಮೆ ಉಸಿರೆಳೆದಿದ್ದರೂ, ಎದೆ ಬಡಿದಿದ್ದರೂ, ಹೊಕ್ಕುಳಬಳ್ಳಿ ಮಿಡಿದಿದ್ದರೂ, ಕೈಕಾಲು ಅಲುಗಿಸಿದ್ದರೂ ಅದು ಸಜೀವ ಜನನ. ಎರಡೇ ನಿಮಿಷ ಬದುಕಿದ್ದರೂ ಲೆಕ್ಕ ಅದೇ. ಆಗ ಜನನವೂ ಮರಣವೂ ಎರಡೂ ಬೇರೆ ಬೇರೆಯಾಗಿ ನೋಂದಣಿಯಾಗಬೇಕು, ಎರಡಕ್ಕೂ ಪ್ರಮಾಣಪತ್ರ ಸಿಗುತ್ತದೆ. ಇಲ್ಲಿ ವಾರಗಳ ಲೆಕ್ಕ ಬರುವುದೇ ಇಲ್ಲ. ನಾನು ಕಂಡಂತೆ ಹೆಚ್ಚು ಗೊಂದಲ ಆಗುವುದು ಈ ವಿಷಯದಲ್ಲೇ. ಮಗುವನ್ನು ಎನ್‌ಐಸಿಯುಗೆ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಒಯ್ದು ಆಮೇಲೆ ಕಳೆದುಕೊಂಡ ಪ್ರಕರಣಗಳಲ್ಲೂ ‘ಹೇಗೂ ಮಗು ಇಲ್ಲವಲ್ಲ’ ಎಂದು ಮನೆಯವರೇ ನಿರ್ಜೀವ ಜನನ ಎಂದು ಬರೆಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಬದುಕಿದ್ದ ಮಗುವಿಗೆ ಜನನ ಪತ್ರ ಪಡೆಯುವ ಹಕ್ಕಿದೆ, ಆ ಪತ್ರದಲ್ಲಿ ಹೆಸರಿಗೂ ಜಾಗವಿದೆ.

ಜೀವದ ಯಾವ ಲಕ್ಷಣವೂ ಇಲ್ಲದೆ ಹುಟ್ಟಿದ್ದರೆ ಆಗ ವಾರ ಎಣಿಸಬೇಕು. ನೋಂದಣಿ ನಿಯಮಗಳ ಪ್ರಕಾರ ಗರ್ಭಕ್ಕೆ 28 ವಾರ ತುಂಬಿದ್ದರೆ ನಿರ್ಜೀವ ಜನನ. ಅದಕ್ಕಿಂತ ಮುಂಚೆ ಆಗಿದ್ದರೆ ಕಾಯ್ದೆಯ ಭಾಷೆಯಲ್ಲಿ ಅದು ಭ್ರೂಣ ಮರಣ, ನೋಂದಣಿ ಪುಸ್ತಕಕ್ಕೆ ಹೋಗುವುದಿಲ್ಲ. ನಿಮ್ಮ ಕೈಯಲ್ಲಿ ಉಳಿಯುವ ದಾಖಲೆ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಮಾತ್ರ, ಅಂದರೆ ಬಿಡುಗಡೆಯ ದಿನ ಕೊಡುವ ಚಿಕಿತ್ಸಾ ವಿವರ.

ಎಚ್ಚರಿಕೆ: ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಆ ದಿನಾಂಕ ಸರಿಯಾಗಿ ನೆನಪಿಲ್ಲದಿದ್ದರೆ ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್ ಹೆಚ್ಚು ನಂಬಿಕೆಗೆ ಅರ್ಹ. ‘ಏಳು ತಿಂಗಳು’ ಎಂದು ಬಾಯಿಮಾತಿನಲ್ಲಿ ಹೇಳಿದ್ದು ದಾಖಲೆಯಲ್ಲಿ 27 ವಾರವೂ ಆಗಬಹುದು, 30 ವಾರವೂ ಆಗಬಹುದು. ತಾಯಿ ಕಾರ್ಡ್ ಮತ್ತು ಮೊದಲ ಸ್ಕ್ಯಾನ್ ವರದಿಯನ್ನು ಮುಂದಿಟ್ಟು ಬರೆಸಿ.

ಅವಳಿ ಮಕ್ಕಳಲ್ಲಿ ಒಂದು ಉಳಿದು ಒಂದು ಹೋಗಿದ್ದರೆ ಎರಡೂ ಬೇರೆ ಬೇರೆ ವರದಿಯಾಗುತ್ತವೆ. ಉಳಿದ ಮಗುವಿನ ಓಡಾಟದಲ್ಲಿ ಇನ್ನೊಂದರ ವರದಿ ಮರೆತುಹೋಗುವುದುಂಟು, ಕೇಳಿ ತಿಳಿದುಕೊಳ್ಳಿ.

2. ಆಸ್ಪತ್ರೆಯಲ್ಲಿರುವಾಗಲೇ ತೀರ್ಮಾನಿಸಬೇಕಾದವು

ಕೆಲವು ಕೆಲಸಗಳನ್ನು ಆಮೇಲೆ ಮಾಡಿಸಿಕೊಳ್ಳಲು ಆಗುವುದಿಲ್ಲ. ಅವು ಇಲ್ಲಿವೆ.

ಮಗುವನ್ನು ನೋಡುವುದು. ‘ಅವಳಿಗೆ ತೋರಿಸಬೇಡಿ, ತಡಕೊಳ್ಳಲ್ಲ’ ಎಂದು ಹಿರಿಯರು ಅಡ್ಡ ನಿಲ್ಲುವುದು ನಮ್ಮಲ್ಲಿ ಸಾಮಾನ್ಯ. ಅವರ ಉದ್ದೇಶ ಕೆಟ್ಟದ್ದಲ್ಲ, ಆದರೆ ತೀರ್ಮಾನ ತಾಯಿಯದು. ಅವಳನ್ನೇ ಕೇಳಿ. ಬೇಡ ಎಂದರೆ ಒತ್ತಾಯ ಬೇಡ, ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಕೇಳಿ. ಚರ್ಮದ ಬಣ್ಣ ಬದಲಾಗಿರಬಹುದು, ಕೆಲವೆಡೆ ಸುಲಿದಿರಬಹುದು. ಹೇಗೆ ಕಾಣುತ್ತದೆ ಎಂದು ನರ್ಸಮ್ಮನವರಿಂದ ಮೊದಲೇ ಹೇಳಿಸಿದರೆ ನೋಡುವಾಗ ಬೆಚ್ಚಿಬೀಳುವುದು ತಪ್ಪುತ್ತದೆ. ಅವಳು ಈಗ ನೋಡಲು ಒಪ್ಪದಿದ್ದರೂ ಒಂದು ಫೋಟೋ ತೆಗೆದು ನಂಬಿಕಸ್ತರೊಬ್ಬರ ಫೋನಿನಲ್ಲಿ ಇಟ್ಟಿರಿ. ಪಾದದ ಗುರುತು, ಕೈಗೆ ಕಟ್ಟಿದ ಪಟ್ಟಿ, ಸುತ್ತಿದ್ದ ಬಟ್ಟೆಯನ್ನು ಕೇಳಿದರೆ ಆಸ್ಪತ್ರೆಯವರು ಕೊಡುತ್ತಾರೆ. ಕೇಳದಿದ್ದರೆ ಅವು ಕಸಕ್ಕೆ ಹೋಗುತ್ತವೆ.

ಕಾರಣ ಹುಡುಕುವ ಪರೀಕ್ಷೆ. ಯಾಕೆ ಹೀಗಾಯಿತು ಎಂಬ ಪ್ರಶ್ನೆ ಇವತ್ತಲ್ಲದಿದ್ದರೆ ಮೂರು ತಿಂಗಳಿಗೆ ಬಂದೇ ಬರುತ್ತದೆ. ಮಾಸು, ಅಂದರೆ ಹೆರಿಗೆಯ ನಂತರ ಹೊರಬರುವ ಪ್ಲಸೆಂಟಾ, ಅದನ್ನು ಲ್ಯಾಬಿಗೆ ಕಳಿಸಿ ಪರೀಕ್ಷಿಸಬಹುದು. ಮಗುವಿನ ಮರಣೋತ್ತರ ಪರೀಕ್ಷೆ ಮಾಡಿಸಬಹುದು, ಅದಕ್ಕೆ ತಂದೆ ತಾಯಿಯ ಒಪ್ಪಿಗೆ ಬೇಕು. ಮಗುವಿನ ದೇಹವನ್ನು ಮುಟ್ಟಿಸಲು ಮನಸ್ಸಿಲ್ಲದಿದ್ದರೆ ಮಾಸನ್ನಾದರೂ ಪರೀಕ್ಷೆಗೆ ಕಳಿಸಿ ಎನ್ನುವುದು ನನ್ನ ಸಲಹೆ, ಅದೊಂದರಿಂದಲೇ ಎಷ್ಟೋ ಸಲ ಸುಳಿವು ಸಿಗುತ್ತದೆ. ತಾಯಿಯ ರಕ್ತದಲ್ಲಿ ಸಕ್ಕರೆ, ಥೈರಾಯ್ಡ್, ಸೋಂಕು, ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳ ಪರೀಕ್ಷೆ ಬೇಕೇ ಎಂದೂ ಕೇಳಿ. ಎಲ್ಲ ಪರೀಕ್ಷೆ ಮಾಡಿಸಿದರೂ ಕಾರಣ ಗೊತ್ತಾಗದೆ ಉಳಿಯುವ ಪ್ರಕರಣಗಳು ಬಹಳ. ಇದನ್ನು ಮೊದಲೇ ತಿಳಿದಿರಿ.

ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬಗ್ಗೆ ಕೇಳಲೇಬೇಕು. ಅದನ್ನು 72 ಗಂಟೆಯೊಳಗೆ ಕೊಡಬೇಕು. ಮುಂದಿನ ಮಗುವಿನ ರಕ್ತವನ್ನು ತಾಯಿಯ ದೇಹವೇ ನಾಶ ಮಾಡದಂತೆ ತಡೆಯುವ ಚುಚ್ಚುಮದ್ದು ಇದು. ‘ಮಗು ಉಳಿದಿಲ್ಲ, ಇನ್ಯಾಕೆ’ ಎಂದು ಬಿಟ್ಟರೆ ತೊಂದರೆಯಾಗುವುದು ಮುಂದಿನ ಬಸಿರಿಗೆ.

ಇನ್ನು ದೇಹವನ್ನು ಪಡೆಯುವ ವಿಚಾರ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ, ಹೊರಗೆ ಬದುಕಬಲ್ಲ ಹಂತಕ್ಕೆ ಬರದ ಭ್ರೂಣವನ್ನು ಆಸ್ಪತ್ರೆ ಹಳದಿ ಚೀಲದ ತ್ಯಾಜ್ಯವಾಗಿ ವಿಲೇವಾರಿ ಮಾಡುತ್ತದೆ. ಕೇಳುವುದಕ್ಕೇ ಕಷ್ಟವಾಗುವ ಮಾತು, ಆದರೂ ಹೇಳಲೇಬೇಕು. ಐದಾರು ತಿಂಗಳಿಗೆ ಆದ ನಷ್ಟದಲ್ಲಿ ‘ನಾವೇ ಮಣ್ಣು ಮಾಡುತ್ತೇವೆ’ ಎಂದು ಮೊದಲೇ ತಿಳಿಸದಿದ್ದರೆ ಆಮೇಲೆ ಕೇಳಿದಾಗ ಕೊಡಲು ಏನೂ ಉಳಿದಿರುವುದಿಲ್ಲ. ಹೆರಿಗೆಗೆ ಮುಂಚೆಯೇ, ಬಾಯಲ್ಲಿ ಹೇಳಿ, ಬರೆದೂ ಕೊಡಿ.

3. ಮೂರನೇ ನಮೂನೆಯನ್ನು ಓದಿ ನೋಡಿ

ನೋಂದಣಿ ಕಚೇರಿಗೆ ಹೋಗುವ ವರದಿಗಳಲ್ಲಿ ಒಂದನೇ ನಮೂನೆ ಜನನಕ್ಕೆ, ಎರಡನೆಯದು ಮರಣಕ್ಕೆ, ಮೂರನೆಯದು ನಿರ್ಜೀವ ಜನನಕ್ಕೆ. ಆಸ್ಪತ್ರೆಯ ರೆಕಾರ್ಡ್ ವಿಭಾಗದವರು ಇದನ್ನು ತುಂಬಿ ಕಳಿಸುತ್ತಾರೆ. ಕರ್ನಾಟಕದಲ್ಲಿ ಇದಕ್ಕೆ ಇ-ಜನ್ಮ ಎಂಬ ತಂತ್ರಾಂಶವಿದೆ. ಕಳಿಸುವ ಮುನ್ನ ಒಮ್ಮೆ ತೋರಿಸಿ ಎಂದು ಕೇಳಿ. ಬಾಣಂತಿಯ ಹಾಸಿಗೆಯ ಹತ್ತಿರ ಬಂದು ಯಾರೋ ಅವಸರದಲ್ಲಿ ಹೆಸರು, ಊರು ಕೇಳಿ ಬರೆದುಕೊಂಡು ಹೋಗಿರುತ್ತಾರೆ. ತಪ್ಪುಗಳು ನುಸುಳುವುದು ಆಗಲೇ.

ಕಾನೂನಿನ ಭಾಗದಲ್ಲಿ ಇರುವುದು ಹುಟ್ಟಿದ ದಿನಾಂಕ, ಲಿಂಗ, ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ಸ್ಥಳ, ಮಾಹಿತಿ ಕೊಟ್ಟವರ ಹೆಸರು. ಅಂಕಿಅಂಶದ ಭಾಗದಲ್ಲಿ ತಾಯಿಯ ವಾಸಸ್ಥಳ, ವಯಸ್ಸು, ಓದು, ಹೆರಿಗೆ ಮಾಡಿಸಿದವರು ಯಾರು, ಗರ್ಭದ ವಾರಗಳು, ಗೊತ್ತಿದ್ದರೆ ಸಾವಿನ ಕಾರಣ. ತಂದೆ ತಾಯಿಯ ಹೆಸರಿನ ಅಕ್ಷರಗಳನ್ನು ಆಧಾರ್ ಜೊತೆ ಹೋಲಿಸಿ. ಮದುವೆಗೆ ಮುಂಚಿನ ಇನಿಷಿಯಲ್ ಒಂದು ಕಡೆ, ಗಂಡನ ಹೆಸರು ಇನ್ನೊಂದು ಕಡೆ ಇದ್ದರೆ ಕಚೇರಿಯಲ್ಲಿ ರಜೆಯ ಅರ್ಜಿ ಅದೇ ನೆಪಕ್ಕೆ ವಾಪಸ್ ಬರಬಹುದು.

ಈ ನಮೂನೆಯಲ್ಲಿ ಮಗುವಿನ ಹೆಸರಿಗೆ ಕಾಲಂ ಇಲ್ಲ. ನೀವು ಹೆಸರು ಇಟ್ಟಿದ್ದರೆ ಅದು ನಿಮ್ಮದೇ. ಪುಸ್ತಕದಲ್ಲಿ ಬಂದಿಲ್ಲ ಎಂದು ಗುಮಾಸ್ತರೊಡನೆ ವಾದಕ್ಕೆ ಇಳಿದು ಪ್ರಯೋಜನವಿಲ್ಲ.

ಬಿಡುಗಡೆಯ ದಿನ ಕೈಗೆ ಬರಬೇಕಾದ್ದು: ಡಿಸ್ಚಾರ್ಜ್ ಸಮ್ಮರಿ, ದೇಹ ಹಸ್ತಾಂತರ ಮಾಡಿದ ಪತ್ರ, ವರದಿ ಕಳಿಸಿದ್ದಕ್ಕೆ ಸ್ವೀಕೃತಿ ಅಥವಾ ಅದರ ಸಂಖ್ಯೆ, ಎಲ್ಲ ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ವರದಿಗಳು. ಸಮ್ಮರಿಯಲ್ಲಿ ಬರೀ ‘ಐಯುಡಿ’ ಎಂದು ಬರೆದು ಬಿಟ್ಟಿರುತ್ತಾರೆ. ಗರ್ಭದೊಳಗೇ ಮಗು ತೀರಿಕೊಂಡಿದೆ ಎಂಬುದರ ಆಸ್ಪತ್ರೆ ಸಂಕ್ಷೇಪ ಅದು. ಅದರ ಜೊತೆ ಎಷ್ಟು ವಾರ, ಯಾವ ದಿನಾಂಕಕ್ಕೆ ಹೆರಿಗೆ, ಮಗುವಿನ ತೂಕ, ‘ನಿರ್ಜೀವ ಜನನ’ ಎಂಬ ಮಾತು ಇವೆಲ್ಲ ಸ್ಪಷ್ಟವಾಗಿ ಇರಲಿ. ಪೂರ್ತಿ ಕೇಸ್ ಶೀಟ್ ಬೇಕಿದ್ದರೆ ಬರೆದು ಕೇಳಿ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆರೈಕೆಯಲ್ಲಿ ಲೋಪವಾಗಿದೆ ಎಂಬ ಅನುಮಾನವಿದ್ದರೆ ಮೊದಲು ಪಡೆಯಬೇಕಾದ್ದು ಈ ಕೇಸ್ ಶೀಟನ್ನೇ, ಜಗಳ ಆಮೇಲೆ.

4. ಅಂತ್ಯಕ್ರಿಯೆ

ಇದಕ್ಕೆ ನೋಂದಣಿ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಸ್ಮಶಾನದಲ್ಲಿ ಚೀಟಿ ಕೇಳಿದರೆ ಆಸ್ಪತ್ರೆಯ ಹಸ್ತಾಂತರ ಪತ್ರ ತೋರಿಸಿ. ನಗರದ ಸ್ಮಶಾನಗಳಲ್ಲಿ ಅದಿಲ್ಲದೆ ಒಳಗೆ ಬಿಡುವುದು ಕಷ್ಟ, ಹಾಗಾಗಿ ಎರಡು ಜೆರಾಕ್ಸ್ ಜೊತೆಗಿರಲಿ.

ಮನೆಯಲ್ಲೇ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ತಿಳಿಸದೆ ಯಾರಿಗೂ ಗೊತ್ತಾಗದಂತೆ ಹೂತುಬಿಡಬೇಡಿ. ಹುಟ್ಟನ್ನೇ ಮುಚ್ಚಿಡುವ ಉದ್ದೇಶದಿಂದ ಗುಟ್ಟಾಗಿ ದೇಹ ವಿಲೇವಾರಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 94ನೇ ಕಲಮಿನಡಿ ಅಪರಾಧ, ಮಗು ಹುಟ್ಟುವ ಮುಂಚೆಯೇ ಸತ್ತಿದ್ದರೂ ಸರಿ. ನಾಲ್ಕು ಜನರೆದುರು ಪದ್ಧತಿಯಂತೆ ಮಣ್ಣು ಮಾಡಿದವರಿಗೆ ಇದರ ಭಯ ಬೇಡ. ಅಪಘಾತ, ಹೊಡೆತ, ಮನೆಯ ಹಿಂಸೆಯಿಂದ ಮಗು ಹೋಗಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಆಗ ಪೊಲೀಸರಿಗೆ ಮಾಹಿತಿ ಹೋಗುತ್ತದೆ, ದೇಹ ಕೈಗೆ ಸಿಗುವುದು ತಡವಾಗಬಹುದು.

5. ನೋಂದಣಿ: ಎಲ್ಲಿ, ಯಾವಾಗ

ಗಡುವು 21 ದಿನ. ಸ್ಥಳ, ಘಟನೆ ನಡೆದ ಊರು. ತವರು ಹಾಸನದ ಹಳ್ಳಿ, ಗಂಡನ ಮನೆ ಬೆಂಗಳೂರು, ಹೆರಿಗೆ ಆದದ್ದು ಮೈಸೂರಿನ ಆಸ್ಪತ್ರೆಯಲ್ಲಿ ಎಂದಾದರೆ ನೋಂದಣಿ ಮೈಸೂರಿನಲ್ಲೇ. ಆಧಾರ್ ವಿಳಾಸ ನೋಡಿಕೊಂಡು ಬೆಂಗಳೂರಿನ ಕಚೇರಿಗೆ ಅಲೆಯಬೇಡಿ. ದಾರಿಯಲ್ಲಿ, ವಾಹನದೊಳಗೇ ಹೆರಿಗೆಯಾದರೆ ವಾಹನ ಮೊದಲು ನಿಂತ ಜಾಗದಲ್ಲಿ ಮಾಹಿತಿ ಕೊಡಬೇಕೆಂದು ನಿಯಮ ಹೇಳುತ್ತದೆ.

ನಗರದಲ್ಲಾದರೆ ಪಾಲಿಕೆ, ನಗರಸಭೆ ಅಥವಾ ಪಟ್ಟಣ ಪಂಚಾಯಿತಿಯ ಜನನ ಮರಣ ವಿಭಾಗ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯಲ್ಲಿ ಅಥವಾ ಗ್ರಾಮ ಆಡಳಿತಾಧಿಕಾರಿಯ ಬಳಿ ವಿಚಾರಿಸಿ. ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಒಳಗೇ ನೋಂದಣಿ ಕೊಠಡಿ ಇರುತ್ತದೆ. ಆಸ್ಪತ್ರೆ ಹೆರಿಗೆಯಲ್ಲಿ ನೀವು ಮಾಡಬೇಕಾದ್ದು ಇಷ್ಟೇ: ಹದಿನೈದು ದಿನದ ಹೊತ್ತಿಗೆ ರೆಕಾರ್ಡ್ ವಿಭಾಗಕ್ಕೆ ಒಂದು ಫೋನ್ ಮಾಡಿ ‘ಮೂರನೇ ನಮೂನೆ ಕಳಿಸಿದ್ದೀರಾ, ನೋಂದಣಿ ಸಂಖ್ಯೆ ಬಂತಾ’ ಎಂದು ಕೇಳುವುದು. ಇನ್ನೂ ಕಳಿಸಿಲ್ಲ ಎಂದರೆ ಗಡುವಿಗೆ ಸಮಯ ಉಳಿದಿರುತ್ತದೆ.

ಮನೆ ಹೆರಿಗೆಯಲ್ಲಿ ಮಾಹಿತಿ ಕೊಡುವ ಹೊಣೆ ಮನೆಯ ಯಜಮಾನರದು, ಅವರಿಲ್ಲದಿದ್ದರೆ ಹತ್ತಿರದ ಸಂಬಂಧಿಕರದು. ತಾಯಿ ಕಾರ್ಡ್, ತಂದೆ ತಾಯಿಯ ಆಧಾರ್, ಹೆರಿಗೆ ಮಾಡಿಸಿದವರ ಅಥವಾ ಆಮೇಲೆ ನೋಡಿದ ಡಾಕ್ಟರ ಚೀಟಿ ಇಷ್ಟು ಹಿಡಿದು ಹೋಗಿ. ಬಾಣಂತಿಯನ್ನು ಕಚೇರಿಗೆ ಕರೆದೊಯ್ಯುವ ಅಗತ್ಯವಿಲ್ಲ.

ನೋಂದಣಿಯಾದ ಮೇಲೆ ಏನು ಸಿಗುತ್ತದೆ? ಇಲ್ಲಿ ಹಲವರಿಗೆ ನಿರಾಸೆಯಾಗುತ್ತದೆ. 1999ರ ನಿಯಮಗಳ ಪಟ್ಟಿಯಲ್ಲಿ ಐದನೇ ನಮೂನೆ ಜನನ ಪ್ರಮಾಣಪತ್ರ, ಆರನೆಯದು ಮರಣ ಪ್ರಮಾಣಪತ್ರ. ನಿರ್ಜೀವ ಜನನಕ್ಕೆ ಒಂಬತ್ತನೇ ನಮೂನೆಯ ರಿಜಿಸ್ಟರ್ ಉಂಟು, ಕೈಗೆ ಕೊಡುವ ಪತ್ರದ ನಮೂನೆ ಇಲ್ಲ. ‘ಸರ್ಟಿಫಿಕೇಟ್ ಇಲ್ಲ’ ಎಂದು ಕೌಂಟರಿನವರು ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಕಾಯ್ದೆಯ 17ನೇ ಕಲಂ ರಿಜಿಸ್ಟರಿನಲ್ಲಿ ಹುಡುಕಿಸಿ ಜನನದ ನಮೂದಿನ ದೃಢೀಕೃತ ಉದ್ಧೃತವನ್ನು, ಅಂದರೆ ಆ ಸಾಲಿನ ಸಹಿ ಮೊಹರಿರುವ ಪ್ರತಿಯನ್ನು ಕೇಳಲು ದಾರಿ ಕೊಡುತ್ತದೆ. ಕಾಯ್ದೆಯಲ್ಲಿ ಜನನ ಎಂದರೆ ನಿರ್ಜೀವ ಜನನವೂ ಸೇರಿತಲ್ಲ. ಅರ್ಜಿ ಹೀಗಿರಲಿ:

‘ಮಾನ್ಯರೇ, ನನ್ನ ಪತ್ನಿ ಶ್ರೀಮತಿ … ಅವರಿಗೆ ದಿನಾಂಕ … ರಂದು … ಆಸ್ಪತ್ರೆಯಲ್ಲಿ ನಿರ್ಜೀವ ಜನನವಾಗಿದ್ದು, ಮೂರನೇ ನಮೂನೆಯ ವರದಿ ತಮ್ಮ ಕಚೇರಿಗೆ ಸಲ್ಲಿಕೆಯಾಗಿರುತ್ತದೆ. ಜನನ ಮರಣ ನೋಂದಣಿ ಕಾಯ್ದೆ 1969ರ ಕಲಂ 17ರಡಿ ಸದರಿ ನಮೂದಿನ ದೃಢೀಕೃತ ಉದ್ಧೃತವನ್ನು ನಿಗದಿತ ಶುಲ್ಕ ಪಡೆದು ನೀಡಬೇಕೆಂದು ಕೋರುತ್ತೇನೆ. ಲಗತ್ತು: ಡಿಸ್ಚಾರ್ಜ್ ಸಮ್ಮರಿ, ಆಧಾರ್ ಪ್ರತಿ.’

ಎರಡು ಪ್ರತಿ ಬರೆದು ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕೊಡಲು ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಲು ಹೇಳಿ. 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ ನೋಂದಣಾಧಿಕಾರಿಯ ಕ್ರಮದ ವಿರುದ್ಧ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಮಧ್ಯವರ್ತಿಗಳ ಮಾತು ಕೇಳಿ ‘ಸಜೀವ ಜನನ ಅಂತ ಬರೆಸಿ ಎರಡೂ ಸರ್ಟಿಫಿಕೇಟ್ ಮಾಡಿಸೋಣ’ ಎನ್ನುವ ಕೆಲಸಕ್ಕೆ ಕೈ ಹಾಕಬೇಡಿ. ಆಸ್ಪತ್ರೆಯ ದಾಖಲೆಯೊಂದು ಹೇಳಿ ರಿಜಿಸ್ಟರ್ ಇನ್ನೊಂದು ಹೇಳಿದರೆ ಸುಳ್ಳು ಮಾಹಿತಿ ಕೊಟ್ಟ ಹೊಣೆ ನಿಮ್ಮ ತಲೆಗೇ ಬರುತ್ತದೆ.

6. ತಡವಾಗಿದ್ದರೆ, ತಪ್ಪಾಗಿದ್ದರೆ

21 ದಿನ ದಾಟಿ 30 ದಿನದೊಳಗೆ: ವಿಳಂಬ ಶುಲ್ಕ ಕಟ್ಟಿದರೆ ಸಾಕು. 30 ದಿನದಿಂದ ಒಂದು ವರ್ಷದವರೆಗೆ: ಜಿಲ್ಲಾ ನೋಂದಣಿ ಪ್ರಾಧಿಕಾರದ ಲಿಖಿತ ಅನುಮತಿ, ಸ್ವಯಂ ದೃಢೀಕರಿಸಿದ ದಾಖಲೆ, ಶುಲ್ಕ. ವರ್ಷ ದಾಟಿದ್ದರೆ ಜಿಲ್ಲಾ ದಂಡಾಧಿಕಾರಿ, ಉಪವಿಭಾಗದ ದಂಡಾಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು. ಮೊದಲಿನಂತೆ ಕೋರ್ಟಿಗೆ ಹೋಗಬೇಕಾಗಿಲ್ಲ. ಇದಕ್ಕೆ ಮೊದಲ ಹೆಜ್ಜೆ ಹತ್ತನೇ ನಮೂನೆ, ಅಂದರೆ ‘ನಮ್ಮ ರಿಜಿಸ್ಟರಿನಲ್ಲಿ ಈ ನಮೂದು ಇಲ್ಲ’ ಎಂದು ಕಚೇರಿ ಕೊಡುವ ಅಲಭ್ಯತಾ ಪತ್ರ.

ಅಕ್ಷರ ತಪ್ಪನ್ನು ನೋಂದಣಾಧಿಕಾರಿಯೇ ತಿದ್ದಬಲ್ಲರು. ಸಂಗತಿಯೇ ತಪ್ಪಾಗಿದ್ದರೆ ವಿಷಯ ಬಲ್ಲ ಇಬ್ಬರು ನಂಬಲರ್ಹರ ಘೋಷಣೆ ಬೇಕಾಗುತ್ತದೆ.

ಹತ್ತು ವರ್ಷದ ಹಿಂದಿನದನ್ನು ಈಗ ಮಾಡಿಸಬೇಕೇ ಎಂದು ಕೆಲವರು ಕೇಳುತ್ತಾರೆ. ಯಾವುದಕ್ಕೂ ದಾಖಲೆಯಾಗಿ ಬೇಕಿಲ್ಲದಿದ್ದರೆ ಅಷ್ಟು ಅಲೆದಾಟದ ಹೊರೆ ಹೊತ್ತುಕೊಳ್ಳಬೇಕಿಲ್ಲ. ಮಗು ಎಲ್ಲೋ ಒಂದು ಕಡೆ ದಾಖಲಾಗಲಿ ಎಂಬುದೇ ಆಸೆಯಾದರೆ ಅದೂ ಒಪ್ಪತಕ್ಕ ಕಾರಣವೇ, ಮಾಡಿಸಿ.

7. ಕೆಲಸ ಮತ್ತು ರಜೆ

‘ಮಗು ಇಲ್ಲದ ಮೇಲೆ ಹೆರಿಗೆ ರಜೆ ಎಲ್ಲಿಂದ?’ ಎಂದು ಕಚೇರಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೂ, ಅದರ ಜಾಗಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ‘ಮಗು’ ಎಂದರೆ ನಿರ್ಜೀವವಾಗಿ ಹುಟ್ಟಿದ ಮಗುವೂ ಸೇರಿದೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿದ್ದರೆ ಸಂಬಳ ಸಹಿತ 26 ವಾರ, ಬದುಕಿರುವ ಮಕ್ಕಳು ಇಬ್ಬರು ಅಥವಾ ಹೆಚ್ಚು ಇದ್ದರೆ 12 ವಾರ.

ಇಲ್ಲಿ ವಾರದ ಗಡಿ ಬೇರೆ, ಗಮನಿಸಿ. ರಜೆಯ ಕಾನೂನಿನಲ್ಲಿ 26ನೇ ವಾರದವರೆಗೆ ಆದದ್ದು ಗರ್ಭಪಾತ, ಅದಕ್ಕೆ 6 ವಾರ ರಜೆ. ಅಲ್ಲಿಂದ ಮುಂದಿನದು ಹೆರಿಗೆ. ನೋಂದಣಿಯ ಗಡಿ 28 ವಾರ. ಹಾಗಾಗಿ 27 ವಾರಕ್ಕೆ ಮಗು ಕಳೆದುಕೊಂಡವರ ವಿಷಯದಲ್ಲಿ ನೋಂದಣಿ ಇರುವುದಿಲ್ಲ, ಪೂರ್ಣ ಹೆರಿಗೆ ರಜೆಯ ಹಕ್ಕು ಮಾತ್ರ ಇರುತ್ತದೆ. ಎಚ್‌ಆರ್‌ನವರು ‘ನೋಂದಣಿ ಪ್ರತಿ ತನ್ನಿ’ ಎಂದು ಪಟ್ಟು ಹಿಡಿದರೆ ಈ ವ್ಯತ್ಯಾಸವನ್ನು ಇಮೇಲ್‌ನಲ್ಲಿ ಬರೆದು ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿ. ಬಾಯಿಮಾತಿನ ಉತ್ತರಕ್ಕೆ ಒಪ್ಪಬೇಡಿ. ಇಎಸ್‌ಐ ಇರುವವರಿಗೂ ಗಡಿ 26 ವಾರವೇ, ಮಗು ಜೀವಂತವಾಗಿದ್ದರೂ ಇಲ್ಲದಿದ್ದರೂ.

ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ಮಹಿಳೆಯರಿಗೆ 2022ರ ಸೆಪ್ಟೆಂಬರ್‌ನಲ್ಲಿ ಹೊರಟ ಆದೇಶದಂತೆ ನಿರ್ಜೀವ ಜನನವಾದಾಗ, ಅಥವಾ ಹುಟ್ಟಿದ 28 ದಿನದೊಳಗೆ ಮಗು ತೀರಿಕೊಂಡಾಗ 60 ದಿನಗಳ ವಿಶೇಷ ಹೆರಿಗೆ ರಜೆ ಇದೆ. ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇರಬೇಕು, ಹೆರಿಗೆ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಆಗಿರಬೇಕು.

ಪ್ರಧಾನಮಂತ್ರಿ ಮಾತೃವಂದನಾ ಯೋಜನೆಗೆ ಹೆಸರು ಬರೆಸಿದ್ದವರು ಅಂಗನವಾಡಿ ಕಾರ್ಯಕರ್ತೆಗೆ ವಿಷಯ ತಿಳಿಸಿ. ಹೀಗಾದವರನ್ನು ಮುಂದಿನ ಬಸಿರಿನಲ್ಲಿ ಹೊಸ ಫಲಾನುಭವಿಯಾಗಿ ಪರಿಗಣಿಸಲು ಅವಕಾಶವಿದೆ. ತಿಳಿಸಲು ಇನ್ನೊಂದು ಕಾರಣವೂ ಇದೆ. ತಾಯಿ ಕಾರ್ಡಿನ ದಾಖಲೆಯಲ್ಲಿ ಬದಲಾವಣೆ ಆಗದಿದ್ದರೆ ಆರನೇ ವಾರಕ್ಕೆ ‘ಮಗುವಿಗೆ ಲಸಿಕೆ ಹಾಕಿಸಿದಿರಾ?’ ಎಂಬ ಕರೆ ಬಾಣಂತಿಯ ಫೋನಿಗೇ ಬರುತ್ತದೆ. ಅವಳ ಫೋನಿನಲ್ಲಿರುವ ಬಸಿರಿನ ಆ್ಯಪ್‌ಗಳಿಗೂ ಇದೇ ಮಾತು, ಅವಳನ್ನು ಕೇಳಿ ತೆಗೆದುಹಾಕಿ.

8. ತಾಯಿಯ ಮೈ

ಮಗು ಇಲ್ಲದಿದ್ದರೂ ಬಾಣಂತನ ಇದ್ದೇ ಇದೆ. ಎರಡು ಮೂರು ದಿನಕ್ಕೆ ಎದೆಹಾಲು ಇಳಿಯುತ್ತದೆ, ಯಾರೂ ಮೊದಲೇ ಹೇಳಿರದಿದ್ದರೆ ಆ ಗಳಿಗೆ ತುಂಬ ಕಠಿಣ. ಮೈಗೆ ಸರಿಯಾಗಿ ಕೂರುವ ಒಳಉಡುಪು, ತಣ್ಣನೆ ಬಟ್ಟೆಯ ಪಟ್ಟಿ, ನೋವಿಗೆ ಡಾಕ್ಟರು ಹೇಳಿದ ಮಾತ್ರೆ ಇವು ನೆರವಾಗುತ್ತವೆ. ತೀರಾ ಬಿಗಿದರೆ ಆರಾಮ ಎನಿಸುವಷ್ಟೇ ಹಾಲು ಹಿಂಡಿ ತೆಗೆಯಿರಿ, ಪೂರ್ತಿ ಖಾಲಿ ಮಾಡಿದರೆ ಮತ್ತೆ ಹೆಚ್ಚು ಬರುತ್ತದೆ. ಬಟ್ಟೆಯಿಂದ ಎದೆಯನ್ನು ಬಿಗಿದು ಕಟ್ಟುವುದು ಬೇಡ, ಗಂಟಾಗಿ ಜ್ವರ ಬರಬಹುದು. ಹಾಲು ನಿಲ್ಲಿಸುವ ಮಾತ್ರೆ ಇದೆ, ಆದರೆ ಬಿಪಿ ಹೆಚ್ಚಿದ್ದವರಿಗೆ ಅದು ಅಪಾಯ. ಅಂಗಡಿಯಲ್ಲಿ ಕೇಳಿ ತರಬೇಡಿ.

ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ, ಜ್ವರ, ದುರ್ವಾಸನೆಯ ಸ್ರಾವ, ಒಂದು ಕಾಲಷ್ಟೇ ಊದಿ ನೋವು, ತಲೆ ಸಿಡಿತದ ಜೊತೆ ಕಣ್ಣು ಮಂಜಾಗುವುದು, ಉಸಿರುಗಟ್ಟುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಿನವರೆಗೆ ಕಾಯಬೇಡಿ.

9. ಮನಸ್ಸಿಗೆ ಆಸರೆ

ಅಳು, ಸಿಟ್ಟು, ನಿದ್ದೆ ಬಾರದಿರುವುದು, ಬೇರೆಯವರ ಮಗು ಕಂಡರೆ ಒಳಗೆ ಓಡುವುದು, ಇಲ್ಲದ ಮಗುವಿನ ಅಳು ಕೇಳಿಸಿದಂತಾಗುವುದು, ಇವೆಲ್ಲ ದುಃಖದ ಸಹಜ ರೂಪ. ಒಂದು ದಿನ ಸರಿ, ಮರುದಿನ ಮತ್ತೆ ಕುಸಿತ, ಇದೂ ಸಹಜ. ಗಂಡ ಅಳುತ್ತಿಲ್ಲ ಎಂದರೆ ಅವನಿಗೆ ಏನೂ ಆಗಿಲ್ಲವೆಂದಲ್ಲ. ಆಸ್ಪತ್ರೆ ಬಿಲ್ಲು, ಸ್ಮಶಾನ, ಕಚೇರಿ ಎಂದು ಓಡಾಡಿ ಎಲ್ಲ ಮುಗಿದ ಮೇಲೆ ಅವನು ಕುಸಿಯುವುದುಂಟು. ಅವನನ್ನೂ ಕೂರಿಸಿ ಮಾತಾಡಿಸಿ.

ಎರಡು ವಾರ ಕಳೆದರೂ ಊಟ, ಸ್ನಾನ, ಮಾತು ಯಾವುದೂ ಬೇಡವಾಗಿದ್ದರೆ, ‘ಎಲ್ಲ ನನ್ನಿಂದಲೇ ಆಯ್ತು’ ಎಂಬ ಒಂದೇ ಮಾತು ಬಿಡದೆ ಸುತ್ತುತ್ತಿದ್ದರೆ ಡಾಕ್ಟರ ನೆರವು ಬೇಕು. ‘ನಾನೂ ಅದರ ಜೊತೆ ಹೋಗಬೇಕಿತ್ತು’ ಎಂಬ ಮಾತು ಬಂದರೆ ಎರಡು ವಾರ ಎಣಿಸುತ್ತ ಕೂರಬೇಡಿ, ಅವತ್ತೇ ಕರೆ ಮಾಡಿ, ಒಬ್ಬಳನ್ನೇ ಬಿಡಬೇಡಿ. ಕರೆ ಮಾಡಬೇಕಾದ ಸಂಖ್ಯೆ ಟೆಲಿ ಮಾನಸ್, 14416. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದು, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾಯಿಯೇ ಮಾತಾಡಬೇಕೆಂದಿಲ್ಲ, ಅವಳ ಬಗ್ಗೆ ಏನು ಮಾಡಬೇಕೆಂದು ನೀವೂ ಕೇಳಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರ ಮಾನಸಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಮಾತ್ರೆ ಬರೆದುಕೊಟ್ಟರೆ ಅಂಜಬೇಡಿ, ನೀವಾಗಿಯೇ ನಿಲ್ಲಿಸಲೂ ಬೇಡಿ.

ನೋಡಲು ಬರುವವರ ಬಾಯಿಗೆ ಬೀಗ ಹಾಕಲಾಗದು, ಆದರೆ ಬಾಗಿಲಲ್ಲಿ ಒಬ್ಬರು ನಿಲ್ಲಬಹುದು. ‘ಚಿಕ್ಕ ವಯಸ್ಸು, ಮುಂದಿನ ವರ್ಷ ಇನ್ನೊಂದು ಆಗುತ್ತೆ ಬಿಡು’, ‘ಬಸಿರಲ್ಲಿ ಸ್ಕೂಟರ್ ಹತ್ತಬೇಡ ಅಂದಿದ್ದೆ’, ‘ಗ್ರಹಣ ನೋಡಿದ್ಲಂತೆ’ ಎನ್ನುವವರನ್ನು ಹಜಾರದಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸಿ. ಒಳಗೆ ಬಿಡಬೇಕಾದವರು ‘ಊಟ ಮಾಡಿದ್ಯಾ?’ ಎಂದಷ್ಟೇ ಕೇಳಿ ಪಕ್ಕದಲ್ಲಿ ಕೂರುವವರು. ಮನೆಯಲ್ಲಿ ದೊಡ್ಡ ಮಗುವಿದ್ದರೆ ಅದಕ್ಕೆ ‘ಪಾಪು ಮಲಗಿದೆ’ ಎನ್ನಬೇಡಿ, ನಿದ್ದೆಗೇ ಹೆದರತೊಡಗುತ್ತದೆ. ಪಾಪು ಸತ್ತುಹೋಯಿತು, ಮತ್ತೆ ಬರುವುದಿಲ್ಲ, ನೀನೇನೂ ಮಾಡಿದ್ದರಿಂದ ಆದದ್ದಲ್ಲ ಎಂದು ಸರಳವಾಗಿ ಹೇಳಿ.

10. ಆರು ವಾರದ ಭೇಟಿ, ಮುಂದಿನ ಬಸಿರು

ಆರು ವಾರಕ್ಕೆ ಡಾಕ್ಟರನ್ನು ಕಾಣುವುದನ್ನು ತಪ್ಪಿಸಬೇಡಿ. ಮಕ್ಕಳನ್ನು ಎತ್ತಿಕೊಂಡ ಬಾಣಂತಿಯರ ನಡುವೆ ಕಾಯುವುದು ಕಷ್ಟವೆನಿಸಿದರೆ ಮೊದಲೇ ಫೋನ್ ಮಾಡಿ ದಿನದ ಕೊನೆಯ ಸರದಿ ಕೇಳಿ. ಮಾಸಿನ ವರದಿ, ಮರಣೋತ್ತರ ವರದಿ, ರಕ್ತಪರೀಕ್ಷೆ ಎಲ್ಲವನ್ನೂ ಅವತ್ತು ಮುಂದಿಟ್ಟು ಕೇಳಿ: ಕಾರಣ ಗೊತ್ತಾಯಿತೇ, ಮತ್ತೆ ಆಗುವ ಸಂಭವ ಎಷ್ಟು, ಎಷ್ಟು ಅಂತರ ಬಿಡಬೇಕು. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಎದುರಿಗೆ ಕೂತಾಗ ಒಂದೂ ನೆನಪಿಗೆ ಬರುವುದಿಲ್ಲ.

ಮುಂದೆ ಬಸಿರಾದರೆ ಮೊದಲ ಭೇಟಿಯಲ್ಲೇ ಹಿಂದಿನ ನಿರ್ಜೀವ ಜನನದ ವಿಷಯ ಹೇಳಿ. ಆಸ್ಪತ್ರೆ ಬದಲಿಸಿದ್ದರೆ ಇನ್ನೂ ಮುಖ್ಯ. ಅಂಥ ಬಸಿರನ್ನು ಹೆಚ್ಚು ನಿಗಾ ಬೇಕಾದದ್ದೆಂದು ಗುರುತಿಸಿ ಸ್ಕ್ಯಾನ್, ಬಿಪಿ, ಸಕ್ಕರೆಯ ತಪಾಸಣೆಯನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ. ಡಿಸ್ಚಾರ್ಜ್ ಸಮ್ಮರಿ, ಪರೀಕ್ಷಾ ವರದಿಗಳು ಮತ್ತು ನೋಂದಣಿಯ ಪ್ರತಿಯನ್ನು ಒಂದೇ ಫೈಲಿನಲ್ಲಿಟ್ಟು, ಎಲ್ಲದರ ಫೋಟೋ ತೆಗೆದು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಉಳಿಸಿಕೊಳ್ಳಿ. ಕೆಲವು ಆಸ್ಪತ್ರೆಗಳು ಹಳೆಯ ಕೇಸ್ ಶೀಟನ್ನು ಮೂರು ವರ್ಷ ದಾಟಿದ ಮೇಲೆ ಇಟ್ಟುಕೊಳ್ಳುವುದಿಲ್ಲ.